ತಮ್ಮನ ಮೊಣಕಾಲಿನಷ್ಟು ನೀರು

ಕೆರೆಯ ತೂಬು ಕಾಯುವವನಿಗೆ ಜನ ಇಟ್ಟ ಹೆಸರು ಮೊಣಕಾಲಣ್ಣ. ನೀರೆಷ್ಟಿದೆ ಎಂದು ಯಾರೇ ಕೇಳಲಿ, ಅಡಿ, ಮೀಟರಿನ ಗೋಜಿಗೇ ಹೋಗುವವನಲ್ಲ. ಮೊಣಕಾಲಿಗಿಂತ ಮೇಲೆ, ಇಲ್ಲವೇ ಕೆಳಗೆ. ಕಚೇರಿಯವರು ಅಳತೆಗಂಬ ನೆಟ್ಟು ಹೋದರು. ಅವನು ಅದಕ್ಕೆ ಅಂಗಿ ನೇತುಹಾಕಿದ.

ಆ ಮೊಣಕಾಲು ಅವನದಲ್ಲ, ತಮ್ಮನದು. ಅಪ್ಪ ತೀರಿಕೊಂಡಾಗ ತಮ್ಮನಿಗೆ ಆರು ವರ್ಷ. ಹೆಗಲ ಮೇಲೆ ಹೊತ್ತು ಸಾಕಿದ. ಚಳಿಗಾಲಕ್ಕೆ ದೂರದೇಶದಿಂದ ಬರುವ ಉದ್ದಕಾಲಿನ ಹಕ್ಕಿಗಳು ಈಜುವ ಜಾತಿಯಲ್ಲ. ನಿಂತು ಕೆಸರು ಕೆದಕಬೇಕು. ಎಷ್ಟು ನೀರಿದ್ದರೆ ಇಳಿಯುತ್ತವೆಂದು ತಿಳಿಯಲು ತಮ್ಮನನ್ನೇ ನಿಲ್ಲಿಸಿ ನೋಡಿದ್ದ. ನೀರು ತಗ್ಗಿ ಆ ಪುಟ್ಟ ಮೊಣಕಾಲು ಕಂಡಾಗ ಹಕ್ಕಿಗಳೂ ಇಳಿದವು. ಅಷ್ಟೆತ್ತರಕ್ಕೆ ತೂಬಿನ ಕಲ್ಲಿನಲ್ಲಿ ಗೆರೆ ಕೊರೆದ. ಮೊದಲೆಲ್ಲ ನೀರು ತಾನಾಗಿ ಇಳಿಯುತ್ತಿತ್ತು. ಈಗ ಮಳೆಗೆ ಹೊತ್ತುಗೊತ್ತಿಲ್ಲ, ಹಾಗಾಗಿ ಹಕ್ಕಿ ಬರುವ ಮುಂಚೆ ತೂಬಿನ ಚಕ್ರ ತಿರುಗಿಸಿ ನೀರನ್ನು ಗೆರೆಯವರೆಗೆ ಇಳಿಸುವುದು ಅವನ ಕೆಲಸ.

ತಮ್ಮ ಓದಿ, ಕೆರೆಗಳ ಕಚೇರಿಯಲ್ಲೇ ಗುಮಾಸ್ತನಾದ. ಈ ಸಲ ಬಂದು, "ಅಣ್ಣ, ತಿಂಗಳ ಮಟ್ಟಿಗೆ ತೂಬು ತೆಗೀಬೇಡ. ಕೆಳಗೆ ಕಾಲುವೆ ರಿಪೇರಿ ಇದೆ," ಅಂದ.

"ಹಕ್ಕಿ ಬರೋ ಹೊತ್ತು ಕಣೋ. ಜಾಗ ಇಲ್ದಿದ್ರೆ ಕಾಯಲ್ಲ ಅವು."

"ನನ್ನ ಮೇಲೂ ನಂಬಿಕೆ ಇಲ್ವಾ?"

ಮೊಣಕಾಲಣ್ಣ ಮಾತು ಕೊಟ್ಟ. ಕೊಟ್ಟ ಮೇಲೆ ತಪ್ಪುವ ಪೈಕಿಯಲ್ಲ ಆಸಾಮಿ.

ಹಕ್ಕಿಗಳು ಬೆಳಿಗ್ಗೆ ಬಂದವು. ತುಂಬಿದ ಕೆರೆಯ ಮೇಲೆ ಮೂರು ಸುತ್ತು ಹಾಕಿದವು. ಅವನ ಕೈ ಚಕ್ರದ ಮೇಲೇ ಇತ್ತು. ತಿರುಗಿಸಲಿಲ್ಲ. ಅವು ಹೊರಟುಹೋದವು.

ಆ ವಾರವೇ ತಮ್ಮನೊಂದಿಗೆ ಸಾಹೇಬರು ಬಂದರು. "ಈ ವರ್ಷ ಹಕ್ಕಿ ಇಳಿದ್ವಾ?"

"ಇಲ್ಲ ಸಾರ್, ಇಳೀಲಿಲ್ಲ. ಯಾಕಂದ್ರೆ..."

"ಸಾಕಣ್ಣ, ಸಾಹೇಬ್ರಿಗೆ ಹೊತ್ತಾಗುತ್ತೆ," ಎಂದ ತಮ್ಮ, ಸಹಿಗೆ ಕಾಗದ ಚಾಚಿದ. 'ಹಕ್ಕಿಗಳು ಇಳಿಯಲಿಲ್ಲ' ಎಂದಷ್ಟೇ ಇತ್ತು. ನಿಜವೇ ತಾನೆ, ಸಹಿ ಹಾಕಿದ.

ಎರಡು ತಿಂಗಳಿಗೆ ಕೆರೆ ಮುಚ್ಚಲು ಮಣ್ಣಿನ ಲಾರಿಗಳು ಬಂದವು. ಅಳತೆಗಂಬಕ್ಕೆ ಅಂಟಿಸಿದ ಚೀಟಿ ಹೇಳಿತು: ವಲಸೆ ಹಕ್ಕಿಗಳು ಈ ಕೆರೆ ಬಿಟ್ಟಿವೆ, ಇನ್ನು ಇದಕ್ಕೆ ರಕ್ಷಣೆ ಬೇಕಿಲ್ಲ, ಆಧಾರ, ಇಪ್ಪತ್ತೆರಡು ವರ್ಷದಿಂದ ತೂಬು ಕಾಯುತ್ತಿರುವವನ ಹೇಳಿಕೆ.

ಅವನು ಕಾಲುವೆಯುದ್ದಕ್ಕೂ ನಡೆದು ನೋಡಿದ. ಎಲ್ಲೂ ಒಂದು ಗುದ್ದಲಿ ಏಟು ಬಿದ್ದಿರಲಿಲ್ಲ. ನಂಬಿಸಿ ಕತ್ತು ಕುಯ್ಯುವುದು ಅಂದರೆ ಇದೇ. ಹಾಗೇ ಕೆಸರುಗಾಲಲ್ಲಿ ಕಚೇರಿಗೆ ಹೋದ.

"ಕಾಲುವೆ ನೋಡ್ಕೊಂಡು ಬಂದೆ."

ತಮ್ಮ ಫೈಲಿನಿಂದ ತಲೆ ಎತ್ತಲಿಲ್ಲ. "ನಾನು ಸುಳ್ಳು ಬರೆದಿಲ್ಲಣ್ಣ. ನೀನು ಹೇಳಿದ್ದನ್ನೇ ಬರೆದೆ. ನಿನ್ನ ಮಾತನ್ನ ಯಾರೂ ಅನುಮಾನಿಸಲ್ಲ."

"ನೀರು ಎಷ್ಟಿದ್ರೆ ಅವು ಇಳಿಯಲ್ಲ ಅಂತ ನಿಂಗೆ ಹೇಳ್ಕೊಟ್ಟೋರು ಯಾರೋ?"

ತಮ್ಮ ಕಾಲುಗಳನ್ನು ಕುರ್ಚಿಯ ಕೆಳಗೆ ಎಳೆದುಕೊಂಡ.

"ನೀನೇ ಅಣ್ಣ," ಅಂದ.