ಗಿಳಿ ಕೂರುವ ಕೋಲು

ನಾಲ್ಕು ವರ್ಷಗಳ ಹಿಂದಿನ ಮಾತು. ಮಹಾರಾಷ್ಟ್ರದ ಸಂಭಾಜಿನಗರದ ಹತ್ತಿರ, ಶೇಂದ್ರಾ ಕೈಗಾರಿಕಾ ವಸಾಹತಿನಲ್ಲಿ ನನ್ನದೊಂದು ಪಂಜರ ತಯಾರಿಸುವ ಶೆಡ್ಡು. ಬಿಜಾಪುರದ ಕಡೆಯಿಂದ ಕಟ್ಟಡದ ಕೂಲಿಗೆ ಬಂದ ನಾನು ವೆಲ್ಡಿಂಗ್ ಕಲಿತು ಮಾಲೀಕನಾಗಿದ್ದೆ. ಆ ವರ್ಷ ಆರ್ಡರ್ ತೀರಾ ಕಡಿಮೆ; ಇಬ್ಬರು ವೆಲ್ಡರ್‌ಗಳನ್ನು ಬಿಡಿಸಬೇಕೆಂದಿದ್ದೆ. ಅಷ್ಟರಲ್ಲಿ ಸ್ವಿಟ್ಜರ್ಲೆಂಡಿನ ಕಂಪನಿಯೊಂದರ ಮೇಡಂ ಸಾಕುಗಿಳಿಗಳ ಪಂಜರ ನೋಡಲು ಬಂದರು.

ಪಂಜರದೊಳಗೆ ಗಿಳಿ ಕೂರಲು ಹಾಕಿದ್ದ ಕಬ್ಬಿಣದ ಪೈಪುಗಳನ್ನು ಬೆರಳಿನಿಂದ ತಟ್ಟಿ, "ಇದು ನಡೆಯುವುದಿಲ್ಲ" ಎಂದರು. ಕೊಳ್ಳುವಾಗ ಹುಳುಕು ತೋರಿಸಿ ರೇಟು ಇಳಿಸಿಕೊಳ್ಳುವುದು ನನ್ನದೇ ಹಳೆಯ ಪಟ್ಟು. ಇವರದೂ ಅದೇ ಎಂದುಕೊಂಡು ತಕ್ಷಣ ಇಳಿಸಿದೆ.

"ರೇಟು ಸರಿಯಿದೆ, ಕೋಲು ಸರಿಯಿಲ್ಲ. ನಮ್ಮ ಕಾನೂನಿನಲ್ಲಿ ಕೂರುವ ಕೋಲುಗಳು ಬೇರೆ ಬೇರೆ ದಪ್ಪ ಇರಬೇಕು, ಸ್ವಲ್ಪ ಬಳುಕಬೇಕು. ಗಿಳಿಯನ್ನು ಒಂಟಿಯಾಗಿಯೂ ಸಾಕುವಂತಿಲ್ಲ."

"ಗಿಳಿಗೂ ಮದುವೆ ಕಡ್ಡಾಯವೇ ಮೇಡಂ?"

"ಮದುವೆಯಲ್ಲ, ಜೊತೆ ಕಡ್ಡಾಯ" ಎಂದು ನಕ್ಕರು. ಮರುದಿನ ಅವರು ನಾಸಿಕ್‌ನಲ್ಲಿ ಇನ್ನೊಬ್ಬ ತಯಾರಕನನ್ನು ನೋಡುವವರಿದ್ದರು. ಅಲ್ಲಿಗೇ ಹೊಸ ಮಾದರಿ ತರುತ್ತೇನೆಂದೆ.

ಒಪ್ಪಿಕೊಂಡೆನಾದರೂ ಕಾರಣ ಹೊಳೆಯಲಿಲ್ಲ. ಮನೆಯಲ್ಲಿ ಹೆಂಡತಿ ಶಾರದಾಳನ್ನು ಕೇಳಿದೆ, "ಹಕ್ಕಿಗೆ ಕೋಲಿನ ದಪ್ಪ ಕಟಗೊಂಡು ಏನಾಗಬೇಕಾಗೇದ?"

"ಪರಾಂಚಿ ಮ್ಯಾಲಿನ ಕೆಲಸ ಮುಗಿಸಿ ಬಂದು ದಿನಾ ಕಾಲು ಒತ್ತಿಸ್ಕೋತಿದ್ರಿ. ಮಾಲೀಕರಾದ ಮ್ಯಾಲೆ ಮರ್ತ್ರೇನ್ರಿ?"

ಪರಾಂಚಿ ಎಂದರೆ ಕಟ್ಟಡಕ್ಕೆ ಕಟ್ಟುವ ಬಿದಿರಿನ ಅಟ್ಟಣಿಗೆ. ಒಂದೇ ಬಿದಿರಿನ ಮೇಲೆ ದಿನವಿಡೀ ನಿಂತರೆ ಅಂಗಾಲಿನ ಒಂದೇ ಜಾಗ ಉರಿಯುತ್ತದೆ. ಗಿಳಿಯಂತೂ ಇಡೀ ಆಯುಷ್ಯ ಕೋಲಿನ ಮೇಲೇ ಕಳೆಯಬೇಕು.

ಬೆಳಿಗ್ಗೆ ಹಿತ್ತಿಲಿನ ಪೇರಲ ಮರದಿಂದ ತೆಳು, ದಪ್ಪ ಕೊಂಬೆಗಳನ್ನು ಕಡಿದೆ. ಎರಡೂ ತುದಿ ಬಿಗಿದರೆ ಬಳುಕುವುದಿಲ್ಲವೆಂದು ಒಂದೇ ತುದಿ ಬಿಗಿದೆ. ನಾಸಿಕ್‌ನಲ್ಲಿ ಮೇಡಂ ಬೆರಳಿನಿಂದ ಒತ್ತಿದರು. ಕೊಂಬೆ ಬಾಗಿ ಮೇಲೆದ್ದಿತು. ಅವರು ತಲೆಯಾಡಿಸಿದ್ದೇ ತಡ, ನಾನು ಶುರು ಮಾಡಿದೆ: "ಎರಡು ಗಿಳಿ ಅಂದರೆ ಪಂಜರ ದೊಡ್ಡದು, ತಂತಿ ಜಾಸ್ತಿ. ನಿನ್ನೆ ಇಳಿಸಿದ ರೇಟು ಇದಕ್ಕಲ್ಲ."

"ನಿಮ್ಮ ರೇಟಿಗೂ ಸ್ಪ್ರಿಂಗ್ ಇದೆ" ಎಂದರು. ಆದರೂ ಒಪ್ಪಿದರು. ವೆಲ್ಡರ್‌ಗಳಿಬ್ಬರೂ ಉಳಿದರು.

ವ್ಯಾಪಾರಕ್ಕಿಳಿಯುವವರಿಗೆ ನನ್ನದೊಂದು ಸಲಹೆ: ಗಿರಾಕಿ ಬೇಡವೆಂದ ಕೂಡಲೇ ರೇಟು ಇಳಿಸಬೇಡಿ; ಯಾರ ಪರವಾಗಿ ಬೇಡವೆನ್ನುತ್ತಿದ್ದಾರೆಂದು ಮೊದಲು ಕೇಳಿ. ಆ ವಾರವೇ ನಾನು ಶೆಡ್ಡಿನ ಕಾಂಕ್ರೀಟ್ ನೆಲದ ಮೇಲೆ, ವೆಲ್ಡರ್‌ಗಳು ನಿಲ್ಲುವ ಜಾಗದಲ್ಲಿ, ದಪ್ಪನೆಯ ರಬ್ಬರ್ ಹಾಸು ಹಾಕಿಸಿದೆ. ಅದನ್ನು ಯಾರೂ ಕೇಳಿರಲಿಲ್ಲ.