ಸಿದ್ದಾಪುರ ಬಳಸಿ ಯಲ್ಲಾಪುರಕ್ಕೆ

ಹುಲೇಕಲ್ ಕಡೆಯ ರೈತರ ಮನೆಯ ಪ್ರತಿಭಾ ಶಿರಸಿಯ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದಳು. ಸಿದ್ದಾಪುರ, ಯಲ್ಲಾಪುರಗಳಲ್ಲಿ ಟ್ರಸ್ಟಿನ ಸಣ್ಣ ಆಸ್ಪತ್ರೆಗಳಿದ್ದವು. ಅಲ್ಲಿಂದ ಬಂದ ಇಸಿಜಿಯನ್ನು ಶಿರಸಿಯ ಡಾಕ್ಟರು ಕಂಪ್ಯೂಟರಿನಲ್ಲಿ ನೋಡಿ ಔಷಧ ಹೇಳುತ್ತಿದ್ದರು. ಮೂರೂ ಊರುಗಳನ್ನು ಒಂದಕ್ಕೊಂದು ಜೋಡಿಸುವ ಲೈನುಗಳಿದ್ದವು.

೨೦೦೬ರ ಮೇ ತಿಂಗಳ ಗಾಳಿಗೆ ಮರ ಬಿದ್ದು ಶಿರಸಿ–ಯಲ್ಲಾಪುರದ ಲೈನು ಹರಿಯಿತು. ಯಲ್ಲಾಪುರದ ನರ್ಸ್ ವಿನೋದಾ ಮೊಬೈಲಿನಲ್ಲಿ ಕರೆದಳು. "ಬೈರ ಹೇಳಿ ಒಬ್ಬವ, ಅಡಿಕೆ ಕೊನೆ ಕೊಯ್ಯಂವ. ಎದೆ ಹಿಡ್ಕಂಡು ಬೆವರ್ತಾ ಇದ್ದ. ಇಸಿಜಿ ಕಳ್ಸಿರೆ ಹೋಗ್ತೇ ಇಲ್ಲೆ."

ಇಸಿಜಿಯ ಗೆರೆ ನೋಡದೆ ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಿಸಲು ಡಾಕ್ಟರು ಒಪ್ಪಲಿಲ್ಲ.

ಸಿದ್ದಾಪುರ ಬಳಸಿ ದಾರಿಯಿತ್ತು, ಆದರೆ ಆಸ್ಪತ್ರೆಗಳ ರೂಟರುಗಳಿಗೆ ಅದು ಗೊತ್ತಿರಲಿಲ್ಲ. ಪ್ರತಿಭಾ ಕೈಯಾರೆ ಒಂದೆರಡು ಸಾಲು ಬರೆದಿದ್ದರೆ ಆ ಹೊತ್ತಿಗೆ ಸಾಕಿತ್ತು. ನಾಳೆ ಇನ್ನೊಂದು ಮರ ಬಿದ್ದರೆ? ರೂಟರುಗಳು ತಾವೇ ಮಾತಾಡಿಕೊಂಡು ದಾರಿ ಹುಡುಕುವ ಪ್ರೊಟೊಕಾಲ್ ಹಾಕಿಬಿಡೋಣ ಎಂದು ಕೂತಳು. ಶಿರಸಿಯಲ್ಲಿ ಕೂತೇ ಸಿದ್ದಾಪುರದ ರೂಟರಿಗೆ ಬರೆಯುವಾಗ ಆತುರದಲ್ಲಿ ಶಿರಸಿ ಕಡೆಯ ಲೈನಿನ ವಿಳಾಸದ ಒಂದು ಅಂಕಿ ತಪ್ಪಿತು. ಪರದೆ ಅಲ್ಲೇ ನಿಂತಿತು. ಇದ್ದೊಂದು ದಾರಿಯನ್ನೂ ತಾನೇ ಕಡಿದಿದ್ದಳು.

ಬರೆದದ್ದು ಸೇವ್ ಆಗಿರಲಿಲ್ಲ. ರೂಟರನ್ನು ಆಫ್ ಮಾಡಿ ಮತ್ತೆ ಹಾಕಿದರೆ ಹಳೆಯದು ಮರಳುತ್ತದೆ. ಸಿದ್ದಾಪುರದ ಕಂಪೌಂಡರ್ ಉದಯನಿಗೆ ಫೋನು ಮಾಡಿದಳು.

"ರೂಟರ್ ಕಪಾಟಲ್ಲಿ ಉಂಟು, ಅದ್ರ ಬ್ಯಾಟರಿಯೂ ಅಲ್ಲೇ. ಬೀಗದ ಕೈ ಮ್ಯಾನೇಜರ ಹತ್ರ. ಅವ್ರು ಹೆಗ್ಗರಣೆಗೆ ಹೋಗಿದಾರೆ."

"ಬೀಗ ಒಡೀರಿ."

"ಯಾರು ಹೇಳಿದ್ದು ಅಂತ ಕೇಳಿದ್ರೆ?"

"ನಾನು ಅನ್ನಿ."

ಉದಯ ಸುತ್ತಿಗೆ ಹುಡುಕಿ ತರುವಷ್ಟರಲ್ಲಿ ವಿನೋದಾ ಮತ್ತೆ ಮತ್ತೆ ಕರೆದಳು. ಕೊನೆಯ ಸಲ ಅವಳ ಹಿಂದೆ ಬೈರನ ಹೆಂಡತಿ ತಿಮ್ಮಿ ಅಳುವುದು ಕೇಳಿಸಿತು.

ಬೀಗ ಮುರಿಯಿತು. ರೂಟರು ಎದ್ದಿತು. ಈ ಸಲ ಒಂದೊಂದೇ ಅಂಕಿ ಬಾಯಲ್ಲಿ ಹೇಳಿಕೊಂಡು ಬರೆದಳು. ಸಿದ್ದಾಪುರದೊಳಗಿಂದಲೇ ಯಲ್ಲಾಪುರದ ರೂಟರಿಗೆ ಹೊಕ್ಕು ಅಲ್ಲೂ ಬರೆದಳು, ಆಮೇಲೆ ಶಿರಸಿಯದು. ತುಸು ಹೊತ್ತು ಏನೂ ಆಗಲಿಲ್ಲ. ಆಮೇಲೆ ರೂಟರುಗಳು ಒಂದನ್ನೊಂದು ಗುರುತಿಸಿದವು. ಡಾಕ್ಟರ ಪರದೆಗೆ ಬೈರನ ಇಸಿಜಿಯ ಗೆರೆಗಳು ಬಂದವು. ಅವರು ಇಂಜೆಕ್ಷನ್ ಕೊಡಿಸಿದರು.

ಬೈರ ಉಳಿದ. ಆದರೆ ಹೃದಯದ ಒಂದು ಪಾಲು ಸತ್ತಿತ್ತು. ಅವನು ಮತ್ತೆ ಮರ ಹತ್ತಲಿಲ್ಲ.

"ಇಸಿಜಿ ಇನ್ನೂ ಬೇಗ ಬಂದಿದ್ರೆ?" ಎಂದು ಪ್ರತಿಭಾ ಡಾಕ್ಟರನ್ನು ಕೇಳಿದಳು.

"ಬೇಗ ಬಂದಿದ್ರೆ ಚಲೋ ಇತ್ತು," ಎಂದು ಅವರು ಮುಂದಿನ ರೋಗಿಯನ್ನು ಕರೆದರು.

ಮಳೆಗಾಲ ಕಳೆದ ಮೇಲೆ ತಪಾಸಣೆಗೆ ಗಂಡನನ್ನು ಕರೆತಂದ ತಿಮ್ಮಿ ಪ್ರತಿಭಾಳ ಕೈ ಹಿಡಿದುಕೊಂಡಳು. "ನೀವೇ ಅಂತೆ ನಮ್ಮವ್ರನ್ನ ಉಳ್ಸಿದ್ದು."

ತಪ್ಪಿದ ಆ ಒಂದು ಅಂಕಿ ನೆನಪಾಗಿ ಪ್ರತಿಭಾಗೆ ಕೈ ಬಿಡಿಸಿಕೊಳ್ಳಲೂ ಆಗಲಿಲ್ಲ, ಹೌದೆನ್ನಲೂ ಆಗಲಿಲ್ಲ.