ಖಂಡೇನವಮಿಗೆ ನಿಲ್ಲದ ಯಂತ್ರ

ಓಡುತ್ತಿರುವ ಯಂತ್ರಕ್ಕೆ ಆಯುಧಪೂಜೆ ಮಾಡಬಹುದೇ? ನೀವೇ ಹೇಳಿ.

ಮೊನ್ನೆ ಬಾಲಾನಗರದ ಒಂದು ಲ್ಯಾಬಿನಲ್ಲಿ ಇದೇ ಜಗಳ. ಒಂದು ಕಡೆ ನನ್ನ ಹೆಂಡತಿ ಗಿರಿಜಾ. ಇನ್ನೊಂದು ಕಡೆ ಬೀದರ್ ಕಡೆಯ ಮೆಕ್ಯಾನಿಕ್ ಶರಣಪ್ಪ ಕಾಕಾ. ನಡುವೆ ಪೇಡೆಯ ಡಬ್ಬಿ ಹಿಡಿದ ನಾನು (ಜೊತೆಗೆ ಲ್ಯಾಪ್‌ಟಾಪ್. ನಮ್ಮ ಅಮೆರಿಕದ ಕ್ಲೈಂಟಿಗೆ ಖಂಡೇನವಮಿ ಗೊತ್ತಿಲ್ಲ).

ಊರಿಗೆ ಊರೇ ಸಾಫ್ಟ್‌ವೇರಿನ ಹಿಂದೆ ಓಡುವಾಗ ಗಿರಿಜಾ ಉಕ್ಕಿನ ಹಿಂದೆ ಹೋದವಳು. ಕಾರಿಗೆ ಬಳಸುವ ಡ್ಯುಯಲ್ ಫೇಸ್ ಸ್ಟೀಲ್ ಮೇಲೆ ಅವಳ ಪಿಎಚ್.ಡಿ. ಒಮ್ಮೆ ಮೈಕ್ರೋಸ್ಕೋಪಿನಲ್ಲಿ ತೋರಿಸಿದ್ದಳು. ಮಬ್ಬು ಬಿಳಿಯ ಸರೋವರ, ಅದರ ತುಂಬ ಕಪ್ಪು ನಡುಗಡ್ಡೆಗಳು. ಒಂದೇ ಉಕ್ಕಿನಲ್ಲಿ ಬಿಳಿ ಮೆತ್ತಗೆ, ಕಪ್ಪು ಗಟ್ಟಿ. ಕಣ್ಣು ತೆಗೆಯಲು ಮನಸ್ಸಾಗಲಿಲ್ಲ. ಅಲ್ಲಿಯೂ ಹೊತ್ತು ಮುಳುಗುತ್ತದೆಯೇ?

ಯಂತ್ರ ಆ ಉಕ್ಕಿನ ಪಟ್ಟಿಯನ್ನು ಎಳೆಯುತ್ತದೆ, ಬಿಡುತ್ತದೆ. ಒಂದು ಎಳೆತಕ್ಕೆ ಏನೂ ಆಗದು. ದಿನಗಟ್ಟಲೆ ಎಳೆದರೆ ಉಕ್ಕೂ ದಣಿಯುತ್ತದೆ. ಮೆತ್ತನೆಯದೂ ಗಟ್ಟಿಯದೂ ಕೂಡುವ ಅಂಚಿನಲ್ಲೆಲ್ಲೋ ಬಿರುಕು ಹುಟ್ಟುತ್ತದೆ. (ಸಂಸಾರಕ್ಕೆ ಹೋಲಿಸುವುದು ಸುಲಭ. ಅದಕ್ಕೇ ಹೋಲಿಸುವುದಿಲ್ಲ.) ಇದು ಅವಳ ಕೊನೆಯ ಪಟ್ಟಿ, ಮುರಿಯುವ ತನಕ ಎಳೆಯಬೇಕು. ನಡುವೆ ನಿಲ್ಲಿಸಿದರೆ ಉಕ್ಕು ಸುಧಾರಿಸಿಕೊಂಡೀತು, ಫಲಿತಾಂಶ ನಂಬುವ ಹಾಗಿಲ್ಲ, ಪಟ್ಟ ಪಾಡೆಲ್ಲ ನೀರುಪಾಲು.

"ಕಾಕಾ, ಬಂದ್ ಮಾಡಬ್ಯಾಡ್ರಿ. ನಡದಿದ್ದಂಗ ಪೂಜಿ ಮಾಡ್ರಿ."

"ಹೊಡ್ತ ತಿನ್ನಾಕತ್ತವನ ಹಣಿಗೆ ಕುಂಕುಮ ಹಚ್ಚಂದ್ರ ಹೆಂಗ್ರಿ ಮೇಡಂ? ಇವತ್ತ ಕತ್ತರಿಗೂ ಸೂಟಿ ಐತಿ, ಕೆಲಸ ಇಲ್ಲ!"

ಮುನಿಸಿಕೊಂಡ ಕಾಕಾ ಲೇತಿಗೆ, ಸ್ಪ್ಯಾನರುಗಳಿಗೆ, ತಮ್ಮ ಸ್ಕೂಟರಿಗೆ ಕುಂಕುಮ ಹಚ್ಚಿದರು. ಈ ಯಂತ್ರವೊಂದೇ ಬೋಳು ಹಣೆಯಲ್ಲಿ ಗುಂಯ್‌ಗುಡುತ್ತಿತ್ತು. ಆ ನಾದದಲ್ಲಿ ಚೆಂಡುಹೂವು, ಊದುಬತ್ತಿಯ ಹೊಗೆ, ನನ್ನ ಸ್ಕ್ರೀನಿನ ಅಕ್ಷರಗಳು ಎಲ್ಲ ಮೆಲ್ಲಗೆ ತೇಲತೊಡಗಿದವು. ನಾನು ಯಾವುದೋ ಕಪ್ಪು ನಡುಗಡ್ಡೆಯ ದಡದಲ್ಲಿದ್ದೆ.

ಕಾಕಾ ಆರತಿ ಎತ್ತಿದ ಕ್ಷಣಕ್ಕೇ 'ಟಕ್' ಎಂದು ಪಟ್ಟಿ ಮುರಿಯಿತು, ಯಂತ್ರ ತಾನಾಗಿ ನಿಂತಿತು. ಇದು ನನ್ನ ನೆನಪು.

"ಸುಳ್ಳು. ಆರತಿ ಮುಗದು, ಪೇಡೆ ತಿಂದು ಎಷ್ಟೋ ಹೊತ್ತಾಗಿತ್ತು. ನೀವು ತೂಕಡಸಾಕತ್ತಿದ್ರಿ," ಎನ್ನುತ್ತಾಳೆ ಗಿರಿಜಾ.

ಮೊನ್ನೆ ಮೊನ್ನೆಯ ಸಂಗತಿ. ಆಗಲೇ ನೆನಪು ಇಸ್ತ್ರಿ ಮಾಡಿಸಿಕೊಂಡು ಬಂದಿದೆ! ಅವಳನ್ನೇ ನಂಬಿ.

"ಪೂರಾ ಆತು ಕಾಕಾ," ಎಂದಳು ಅವತ್ತು, ಪಟ್ಟಿ ಮುರಿದೊಡನೆ. ನಗುತ್ತಿದ್ದಳು, ಕಣ್ಣು ಒದ್ದೆಯಾಗಿತ್ತು.

"ಅಂತೂ ಇದಕ್ಕೂ ಸೂಟಿ ಸಿಕ್ತ ನೋಡ್ರಿ." ಕಾಕಾ ಯಂತ್ರದ ಹಣೆಗೆ ಕುಂಕುಮವಿಟ್ಟು, ಮುರಿದ ಪಟ್ಟಿಯ ಕಡೆ ಕೈ ಚಾಚಿದರು.

"ಅಯ್ಯ, ಮುರದ ಜಾಗಾ ಮುಟ್ಟಬ್ಯಾಡ್ರಿ! ಅದನ್ನ ಇನ್ನ ಮೈಕ್ರೋಸ್ಕೋಪಿನ್ಯಾಗ ನೋಡೋದೈತಿ!"

ಕಾಕಾ ನಕ್ಕು, ಕೆಂಪು ಬೆರಳನ್ನು ನನ್ನ ಲ್ಯಾಪ್‌ಟಾಪಿನತ್ತ ತಂದು, ಅರ್ಧಕ್ಕೇ ತಡೆದರು.

"ಸಾಹೇಬ್ರ, ಇದು ಬಂದ್ ಐತೋ, ಇನ್ನೂ ನಡದೈತೋ?"